ಹರಿವಿನ ಚೇಂಬರ್‌ನಲ್ಲಿ ಬಿಳಿ ರಕ್ತಕಣ: ನನ್ನ ಅನುಭವ

ಬಿಳಿ ರಕ್ತಕಣ ನಾಳದ ಗೋಡೆಗೆ ಎಷ್ಟು ಅಂಟುತ್ತದೆ ಎಂದು ನೋಡಲು ಸುಲಭದ ದಾರಿಯೊಂದಿದೆ. ತಟ್ಟೆಯಲ್ಲಿ ಬೆಳೆಸಿದ ಒಳಪದರದ ಕೋಶಗಳ ಮೇಲೆ ಕಣಗಳನ್ನು ಸುರಿದು, ಸ್ವಲ್ಪ ಹೊತ್ತು ಬಿಟ್ಟು ತೊಳೆದು, ಉಳಿದದ್ದನ್ನು ಎಣಿಸುವುದು. ನಾನು ಇದನ್ನು ನೆಚ್ಚುವುದಿಲ್ಲ. ನಿಂತ ನೀರಿನಲ್ಲಿ ಕಣ ಸುಮ್ನೆ ತಳಕ್ಕೆ ಕೂರುತ್ತದೆ. ರಕ್ತ ಹಾಗೆ ನಿಲ್ಲುವುದಿಲ್ಲ ಅಲ್ವಾ? ಹಾಗಾಗಿ ಹರಿವಿನ ಚೇಂಬರ್ ಬಳಸುತ್ತೇನೆ, ಅಂದರೆ ಕೋಶಗಳ ಪದರದ ಮೇಲೆ ಕಣಗಳಿರುವ ದ್ರಾವಣವನ್ನು ಪಂಪ್‌ನಿಂದ ಹರಿಸುವ ತೆಳು ಪೆಟ್ಟಿಗೆ.

ಕೋಶಗಳು ಹೊಕ್ಕುಳಬಳ್ಳಿಯ ನಾಳದವು. ಜಾಸ್ತಿ ಸಲ ಮರುಬೆಳೆಸಿದವು ಬೇಡ, ಗುಣ ಕಳೆದುಕೊಳ್ಳುತ್ತವೆ. ಸಂದಿಲ್ಲದಂತೆ ತುಂಬಿಕೊಂಡ ಮೇಲೆ ಮಿಲಿಲೀಟರಿಗೆ 10 ನ್ಯಾನೊಗ್ರಾಂ ಟಿಎನ್‌ಎಫ್ ಎಂಬ ಪ್ರೋಟೀನ್ ಹಾಕಿ 4ರಿಂದ 6 ಗಂಟೆ ಬಿಡುತ್ತೇನೆ. ಉರಿಯೂತದ ಈ ಸೂಚನೆ ಸಿಕ್ಕರೆ ಕೋಶಗಳು ಅಂಟುವ ಪ್ರೋಟೀನ್‌ಗಳನ್ನು ತಯಾರಿಸಿ ಹೊರಮೈಗೆ ತರುತ್ತವೆ. ಅವುಗಳಲ್ಲಿ ಇ-ಸೆಲೆಕ್ಟಿನ್ ಜೋರಾಗಿರುವುದು ಈ ಹೊತ್ತಿನಲ್ಲೇ. ಮರುದಿನಕ್ಕೆ ಅದು ಇಳಿದಿರುತ್ತದೆ, ಇನ್ನೊಂದು ಅಂಟುವ ಪ್ರೋಟೀನ್ ಐಕ್ಯಾಮ್-1 ಮಾತ್ರ ಉಳಿದಿರುತ್ತದೆ.

ಹರಿವಿನಿಂದ ಗೋಡೆಯ ಮೇಲಾಗುವ ಎಳೆತವನ್ನು ಚದರ ಸೆಂಟಿಮೀಟರಿಗೆ 1 ಡೈನ್ (ಬಲದ ಸಣ್ಣ ಏಕಮಾನ) ಆಸುಪಾಸು ಇಡುತ್ತೇನೆ. ಚೇಂಬರ್‌ನ ಎತ್ತರವನ್ನು ಅಳೆದೇ ಪಂಪ್ ವೇಗ ಗೊತ್ತುಮಾಡಬೇಕು. ಎತ್ತರ ಅರ್ಧವಾದರೆ ಅದೇ ಹರಿವಿಗೆ ಎಳೆತ ನಾಲ್ಕು ಪಟ್ಟಾಗುತ್ತದೆ! ದ್ರಾವಣ 37 ಡಿಗ್ರಿಯಲ್ಲಿರಲಿ, ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಇರಲೇಬೇಕು. ಕ್ಯಾಲ್ಸಿಯಂ ಇಲ್ಲದೆ ಸೆಲೆಕ್ಟಿನ್ ಹಿಡಿಯುವುದೇ ಇಲ್ಲ. ಗಾಳಿಗುಳ್ಳೆ ನುಗ್ಗಿದರೆ ಪದರವೇ ಕಿತ್ತು ಬರಬಹುದು.

ಟಿಎನ್‌ಎಫ್ ಹಾಕದ ಪದರದ ಮೇಲೆ ಕಣಗಳು ಹೆಚ್ಚುಕಡಿಮೆ ನಿಲ್ಲದೆ ಸಾಗುತ್ತವೆ. ಹಾಕಿದ್ದರ ಮೇಲೆ ಆಟವೇ ಬೇರೆ. ವೇಗವಾಗಿ ಬಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ತಟ್ಟನೆ ನಿಧಾನವಾಗಿ, ಗೋಡೆಯ ಮೇಲೆ ಉರುಳತೊಡಗುತ್ತದೆ. ಸೆಲೆಕ್ಟಿನ್ ಹಿಡಿತ ಕೂಡುತ್ತಾ ಬಿಡುತ್ತಾ ಇರುವುದರಿಂದ ಈ ಉರುಳಾಟ. ಪದರ ಹೊರಹಾಕಿದ ಕೀಮೋಕೈನ್ ಎಂಬ ಸಂಕೇತ ಪ್ರೋಟೀನ್ ತಾಗಿದರೆ ಕಣದ ಮೇಲಿನ ಇಂಟೆಗ್ರಿನ್ ಎಂಬ ಹಿಡಿಯುವ ಪ್ರೋಟೀನ್ ಎಚ್ಚೆತ್ತು ಐಕ್ಯಾಮ್-1 ಅನ್ನು ಬಿಗಿಯಾಗಿ ಹಿಡಿಯುತ್ತದೆ. ಕಣ ನಿಲ್ಲುತ್ತದೆ, ಚಪ್ಪಟೆಯಾಗುತ್ತದೆ, ಕೋಶಗಳ ನಡುವೆ ನುಸುಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಉರುಳುವುದನ್ನೂ ನಿಂತದ್ದನ್ನೂ ಬೇರೆ ಬೇರೆ ಎಣಿಸಿ. ಐಕ್ಯಾಮ್-1 ಹಿಡಿಯುವ ಬೀಟಾ-2 ಬಗೆಯ ಇಂಟೆಗ್ರಿನ್ ತಡೆಯುವ ಆಂಟಿಬಾಡಿ ಹಾಕಿದಾಗ ಉರುಳಾಟ ಇರುತ್ತದೆ, ನಿಲ್ಲುವುದು ಮಾತ್ರ ಕುಸಿಯುತ್ತದೆ. ಹುಟ್ಟಿನಿಂದಲೇ ಈ ಇಂಟೆಗ್ರಿನ್ ಕೊರತೆಯಿರುವ ಮಕ್ಕಳಲ್ಲಿ ರಕ್ತದ ತುಂಬ ನ್ಯೂಟ್ರೋಫಿಲ್ ಇದ್ದರೂ ಸೋಂಕಾದ ಗಾಯದಲ್ಲಿ ಕೀವು ಕಟ್ಟುವುದಿಲ್ಲ.

ಅಪಧಮನಿ ಗಟ್ಟಿಯಾಗುವ ಕಾಯಿಲೆಯಲ್ಲಿ ಮುಖ್ಯ ಪಾತ್ರ ಮಾನೊಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣದ್ದು. ಅದು ತನ್ನ ಮೇಲಿನ ವಿಎಲ್‌ಎ-4 ಎಂಬ ಇಂಟೆಗ್ರಿನ್ ಮೂಲಕ ಗೋಡೆಯ ಅಂಟುವ ಪ್ರೋಟೀನ್ ವಿಕ್ಯಾಮ್-1 ಅನ್ನು ಹಿಡಿದು ಒಳಹೋಗಿ, ಕೆಟ್ಟ ಕೊಬ್ಬನ್ನು ನುಂಗಿ ನೊರೆಕೋಶವಾಗುತ್ತದೆ. ಇದು ಜಾಸ್ತಿ ಕಾಣುವುದು ನಾಳ ಕವಲೊಡೆಯುವ, ಹರಿವು ಸುಳಿಯುವ ಜಾಗದಲ್ಲಿ. ಅದಕ್ಕೇ ಮಾನೊಸೈಟ್ ಪ್ರಯೋಗಕ್ಕೆ ನೇರ ಚೇಂಬರ್ ಸಾಲದು. ಒಳಗೊಂದು ಮೆಟ್ಟಿಲಿಟ್ಟು, ಅದರ ಹಿಂದೆ ಸುಳಿ ಏಳುವಂತೆ ಮಾಡಿ, ಅಲ್ಲಿನ ಪದರವನ್ನು ಬೇರೆಯಾಗಿ ಎಣಿಸುತ್ತೇನೆ.