ಸೀ, ಲುಕ್, ವಾಚ್: ನಾನು ಆರಿಸುವ ಬಗೆ

ನಾನು ಓದಿದ್ದು ಕನ್ನಡ ಮೀಡಿಯಂ. ಈಗ ಮುಂಬಯಿಯ ಫೋರ್ಟ್ ಏರಿಯಾದಲ್ಲಿ ಕೆಲಸ, ದಿನವಿಡೀ ಇಂಗ್ಲಿಷ್ ಇಮೇಲ್ ಬರೆಯಬೇಕು. ಊರಿಂದ ಹೊಸದಾಗಿ ಬಂದ ಹುಡುಗರು ಕೇಳುವುದು ಒಂದೇ: "ಅಣ್ಣ, ಸೀ, ಲುಕ್, ವಾಚ್ ಎಲ್ಲಾ ನೋಡು ಅಂತಲೇ ಅಲ್ವಾ, ಎಲ್ಲಿ ಯಾವುದು ಹಾಕೋದು?" ನನಗೆ ಇದಕ್ಕೆ ದಾರಿ ಸಿಕ್ಕಿದ್ದು ಕನ್ನಡದಲ್ಲೇ.

ಡೊಂಬಿವಿಲಿ ಸ್ಟೇಷನ್ ತಗೊಳ್ಳಿ. ಇಂಡಿಕೇಟರ್ ಬೋರ್ಡ್ ಕಡೆ ನೋಡುತ್ತೀರಿ, ಮುಂದಿನವರ ತಲೆ ಅಡ್ಡ ಬಂದು ಪ್ಲಾಟ್‌ಫಾರ್ಮ್ ನಂಬರ್ ಕಾಣಿಸುವುದಿಲ್ಲ. ನೋಡಿದ್ದು ಲುಕ್, ಕಾಣಿಸದೆ ಹೋದದ್ದು ಸೀ. ಅಷ್ಟರಲ್ಲಿ ಅನೌನ್ಸ್‌ಮೆಂಟ್ ಶುರುವಾಗುತ್ತದೆ, ಕಿವಿಗೊಟ್ಟು ಕೇಳುತ್ತೀರಿ, ಆ ಗದ್ದಲದಲ್ಲಿ ಒಂದಕ್ಷರವೂ ಕೇಳಿಸುವುದಿಲ್ಲ. ಕೇಳುವುದು ಲಿಸನ್, ಕೇಳಿಸುವುದು ಹಿಯರ್. ಲುಕ್ ಆದಮೇಲೆ ಆಟ್, ಲಿಸನ್ ಆದಮೇಲೆ ಟು ಬರಬೇಕು, ಅದನ್ನು ಸೇರಿಸಿಯೇ ಬಾಯಿಪಾಠ ಮಾಡಿ. ಇನ್ನು ವಾಚ್: ಕದಲುವುದನ್ನು, ಬದಲಾಗುವುದನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತರೆ ಅದು. ಮ್ಯಾಚ್, ಟಿವಿ, ಆಟವಾಡುವ ಮಕ್ಕಳು.

ಇಲ್ಲಿ ಗಮನಿಸಬೇಕಾದದ್ದು, ನಾನು ನೋಡುತ್ತೇನೆ, ಆದರೆ ನನಗೆ ಕಾಣಿಸುತ್ತದೆ. ಈ 'ನಾನು–ನನಗೆ' ಪರೀಕ್ಷೆ ನನಗೆ ಬಹಳ ಕೆಲಸಕ್ಕೆ ಬಂದಿದೆ. ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ನೆನಪಿದೆ, ನನಗೆ ಅರ್ಥವಾಗುತ್ತದೆ: ನೋ, ವಾಂಟ್, ಲೈಕ್, ರಿಮೆಂಬರ್, ಅಂಡರ್‌ಸ್ಟ್ಯಾಂಡ್. ಇವುಗಳಿಗೆ ಸಾಮಾನ್ಯವಾಗಿ ಐಎನ್‌ಜಿ ಹಚ್ಚುವುದಿಲ್ಲ. ಇಮೇಲ್‌ಗಳಲ್ಲಿ ದಿನಾ ಕಾಣುವ 'ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್' ಅನ್ನುವ ತಪ್ಪು ಇಲ್ಲೇ ಸರಿಹೋಗುತ್ತದೆ. ಹ್ಯಾವ್ ನೋಡಿ, ಇನ್ನೂ ಚೆನ್ನಾಗಿದೆ. ನನಗೆ ಇಬ್ಬರು ಮಕ್ಕಳು ಅನ್ನುವಾಗ 'ಐ ಹ್ಯಾವ್', ನಾನು ಊಟ ಮಾಡುತ್ತಿದ್ದೇನೆ ಅನ್ನುವಾಗ 'ಐ ಆಮ್ ಹ್ಯಾವಿಂಗ್ ಲಂಚ್'. ಥಿಂಕ್ ಕೂಡ ಹಾಗೆಯೇ, ನನಗೆ ಅನಿಸುತ್ತದೆ ಅಂದರೆ 'ಐ ಥಿಂಕ್', ನಾನು ಯೋಚಿಸುತ್ತಿದ್ದೇನೆ ಅಂದರೆ 'ಐ ಆಮ್ ಥಿಂಕಿಂಗ್'. ನಿದ್ದೆ, ಹಸಿವಿನಂಥ ಮಾತಿಗೆ ಈ ಲೆಕ್ಕ ತಪ್ಪುತ್ತದೆ, 'ಐ ಆಮ್ ಫೀಲಿಂಗ್ ಸ್ಲೀಪಿ' ಸರಿಯೇ. ಆದರೂ ಜಾಸ್ತಿ ಕಡೆ ನಂಬಬಹುದು.

ಗೊತ್ತು ಅನ್ನುವ ನೋ ಬಗ್ಗೆ ಇನ್ನೊಂದು ಮಾತು. ಗೊತ್ತಿತ್ತು ಬೇರೆ, ಗೊತ್ತಾಯಿತು ಬೇರೆ. ಸರಕಿನ ಕಂಟೇನರ್ ಬರುವುದು ತಡ ಅಂತ ನಿನ್ನೆ ಗೊತ್ತಾಯಿತು ಅನ್ನಲು 'ಐ ನ್ಯೂ' ಅಂತ ಬರೆದರೆ, ಮೊದಲೇ ಗೊತ್ತಿದ್ದೂ ಸುಮ್ಮನಿದ್ದಿರಿ ಅಂತ ಪಾರ್ಟಿ, ಅಂದರೆ ಗಿರಾಕಿ, ತಿಳಿದುಕೊಳ್ಳುತ್ತಾನೆ. ಅಲ್ಲಿ 'ಫೌಂಡ್ ಔಟ್' ಹಾಕಿ.

ಸೇ ಮತ್ತು ಟೆಲ್‌ಗೆ ಮಾತ್ರ ನಾನು ಮರಾಠಿಯ ಸಹಾಯ ತಗೊಳ್ಳುತ್ತೇನೆ. ಮುಂಬಯಿಯಲ್ಲಿ ಇದ್ದಮೇಲೆ ಅದು ಕಿವಿಗೆ ಬಿದ್ದೇ ಇರುತ್ತದೆ. 'ತೋ ಮ್ಹಣಾಲಾ' ಅಂದರೆ ಹಿ ಸೆಡ್, 'ಮಲಾ ಸಾಂಗಿತಲಂ' ಅಂದರೆ ಟೋಲ್ಡ್ ಮಿ. ಯಾರಿಗೆ ಅನ್ನುವುದು ಸಾಮಾನ್ಯವಾಗಿ ಟೆಲ್ ಬೆನ್ನಿಗೇ ಬರಬೇಕು. ಸೇ ಆದರೆ ಟು ಹಾಕಿ ಆಮೇಲೆ ಹೇಳಬಹುದು, ಹೇಳದಿದ್ದರೂ ನಡೆಯುತ್ತದೆ. ಮಗುವಿಗೆ ಕಥೆ ಹೇಳುವುದಕ್ಕೂ ಮರಾಠಿಯಲ್ಲಿ ಸಾಂಗ್, ಇಂಗ್ಲಿಷಿನಲ್ಲಿ ಟೆಲ್!

ಇದನ್ನು ಖಚಿತ ಮಾಡಿಕೊಳ್ಳಲು ಕಲಿಯುವವರಿಗೆಂದೇ ಇರುವ ನಿಘಂಟು ಬೇಕು. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವರು, 1942ರಲ್ಲಿ ಅಲ್ಲೇ ಅಂಥದ್ದೊಂದನ್ನು ತಂದರು. ಕ್ರಿಯಾಪದ ಆದಮೇಲೆ ಏನು ಬರುತ್ತದೆ ಅನ್ನುವುದನ್ನು ಅದರಲ್ಲಿ ತೋರಿಸಿದ್ದರು. ಅದೇ ಮುಂದೆ ಆಕ್ಸ್‌ಫರ್ಡಿನವರ ಕಲಿಯುವವರ ನಿಘಂಟಾಯಿತು. ಅದರಲ್ಲಿ ಎಸ್‌ಬಿ ಅಂತಿದ್ದರೆ ಒಬ್ಬ ವ್ಯಕ್ತಿ, ಎಸ್‌ಟಿಎಚ್ ಅಂತಿದ್ದರೆ ಒಂದು ವಿಷಯ. ನಾನು ಅರ್ಥಕ್ಕಿಂತ ಮೊದಲು ಆ ಜಾಗ ನೋಡುತ್ತೇನೆ.

ಡೂ ಮತ್ತು ಮೇಕ್‌ಗೆ ಕನ್ನಡದ ಸಹಾಯವೂ ಇಲ್ಲ, ಮರಾಠಿಯದೂ ಇಲ್ಲ, ಕನ್ನಡದಲ್ಲಿ ಎರಡಕ್ಕೂ 'ಮಾಡು', ಮರಾಠಿಯಲ್ಲಿ ಎರಡಕ್ಕೂ 'ಕರ್'. ಮೇಕ್ ಎ ಪೇಮೆಂಟ್, ಮೇಕ್ ಎ ಮಿಸ್ಟೇಕ್, ಡೂ ದಿ ಪೇಪರ್‌ವರ್ಕ್, ಡೂ ಬಿಸಿನೆಸ್ ಅಂತ ಜೋಡಿಯಾಗಿಯೇ ಬರೆದಿಟ್ಟುಕೊಂಡು ಟ್ರೇನಿನಲ್ಲಿ ಓದಿಕೊಳ್ಳುತ್ತೇನೆ.