ಅಪರಾಧದ ಅಂಕಿ-ಅಂಶಗಳನ್ನು ಓದುವ ಬಗೆ

2023ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ, 2022ನೇ ಸಾಲಿನ ‘ಕ್ರೈಮ್ ಇನ್ ಇಂಡಿಯಾ’ ವರದಿಯನ್ನು ಹೊರತಂದಾಗ ಎರಡು ಶೀರ್ಷಿಕೆಗಳು ಎಲ್ಲೆಡೆ ಕಾಣಿಸಿಕೊಂಡವು. ಲಕ್ಷ ಜನಸಂಖ್ಯೆಗೆ 86.5 ಪ್ರಕರಣಗಳಷ್ಟೇ ದಾಖಲಾಗಿರುವ ಕೋಲ್ಕತ್ತಾ ಸತತ ಮೂರನೆಯ ವರ್ಷವೂ ದೇಶದ ಅತ್ಯಂತ ಸುರಕ್ಷಿತ ಮಹಾನಗರ ಎಂಬುದು ಒಂದು. 9,940 ಪ್ರಕರಣಗಳೊಂದಿಗೆ ಬೆಂಗಳೂರು ಸೈಬರ್ ಅಪರಾಧದಲ್ಲಿ ಮಹಾನಗರಗಳಿಗೆಲ್ಲ ಮೊದಲು ಎಂಬುದು ಇನ್ನೊಂದು. ಎರಡೂ ಒಂದೇ ವರದಿಯ ಕೋಷ್ಟಕಗಳಿಂದ ಎತ್ತಿಕೊಂಡ ಸಂಖ್ಯೆಗಳು, ಎರಡರಲ್ಲೂ ಲೆಕ್ಕದ ತಪ್ಪಿಲ್ಲ. ಆದರೆ ಲೆಕ್ಕ ಹಾಕಿದ್ದು ಏನನ್ನು ಎಂದು ಕೇಳದೆ ಓದಿದರೆ ಎರಡರಿಂದಲೂ ತಪ್ಪು ತೀರ್ಮಾನಕ್ಕೇ ಬರುತ್ತೇವೆ. ಇಂಥ ಸುದ್ದಿಯನ್ನೂ, ಪೊಲೀಸ್ ವ್ಯವಸ್ಥೆಯ ಬಗೆಗಿನ ಸಂಶೋಧನೆಯ ಸುದ್ದಿಯನ್ನೂ ಓದುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಇಷ್ಟು: ಆ ವರದಿಯಲ್ಲಿರುವುದು ಠಾಣೆಗಳಲ್ಲಿ ದಾಖಲಾದ ಪ್ರಕರಣಗಳ ಎಣಿಕೆ. ಅಪರಾಧವೊಂದು ಆ ಎಣಿಕೆಯೊಳಗೆ ಸೇರಬೇಕಾದರೆ ನೊಂದವರಿಗೆ ಠಾಣೆಯ ಮೆಟ್ಟಿಲು ಹತ್ತುವುದರಿಂದ ಪ್ರಯೋಜನವಿದೆ ಎನ್ನಿಸಬೇಕು, ಅವರು ಹತ್ತಬೇಕು, ಅಲ್ಲಿ ಕುಳಿತವರು ದೂರನ್ನು ಸ್ವೀಕರಿಸಿ ಎಫ್‌ಐಆರ್ ಹಾಕಬೇಕು. ನಮ್ಮ ಠಾಣೆಗಳ ವ್ಯವಹಾರ ಬಲ್ಲವರಿಗೆ ಇದರ ನಡುವಿನ ತಿರುವುಗಳೆಲ್ಲ ಗೊತ್ತು. ದೂರು ಅರ್ಜಿ ವಿಚಾರಣೆಯಾಗಿ ಉಳಿಯಬಹುದು, ಎನ್‌ಸಿಆರ್‌ (ಕೋರ್ಟಿನ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಸಣ್ಣ ಅಪರಾಧವೆಂಬ ನಮೂದು) ಆಗಿ ಮುಗಿಯಬಹುದು, ‘ಇದು ಸಿವಿಲ್ ಸ್ವರೂಪದ್ದು’ ಎಂಬ ಹಿಂಬರಹ ಪಡೆದು ಮನೆಗೆ ಮರಳಬಹುದು, ಇಲ್ಲವೇ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಿದಲ್ಲಿಗೆ ಕೊನೆಗೊಳ್ಳಬಹುದು. ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆಯೇ ಪೊಲೀಸರು ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪಿತ್ತ ಮೇಲೂ ಈ ತಿರುವುಗಳು ಪೂರ್ತಿ ಮುಚ್ಚಿಹೋಗಿಲ್ಲ. ಅಪರಾಧ ಹೆಚ್ಚುವುದು ಬೇರೆ, ಅಪರಾಧದ ದಾಖಲಾತಿ ಹೆಚ್ಚುವುದು ಬೇರೆ ಎಂದು ಎನ್‌ಸಿಆರ್‌ಬಿ ತನ್ನ ವರದಿಯಲ್ಲೇ ಎಚ್ಚರಿಸುತ್ತದೆ. ಆ ಪುಟವನ್ನು ಬಿಟ್ಟು ನೇರವಾಗಿ ಕೋಷ್ಟಕಕ್ಕೆ ಹೋಗುವುದು ನಮ್ಮ ಸುದ್ದಿಮನೆಗಳ ಹಳೆಯ ಚಾಳಿ.

ಒಟ್ಟು ಮೊತ್ತವನ್ನು ಬಿಡಿಸಿ ನೋಡುವುದು

‘ಅಪರಾಧ ಶೇ 28ರಷ್ಟು ಏರಿಕೆ’ ಎಂಬ ಸಾಲು ಕಂಡರೆ, ಯಾವ ಅಪರಾಧ ಎಂದು ತಕ್ಷಣ ಕೇಳಿ. ಇದು ಊಹೆಯ ಉದಾಹರಣೆಯಲ್ಲ. 2019ರಲ್ಲಿ ದೇಶದಲ್ಲಿ 51,56,158 ಸಂಜ್ಞೇಯ ಪ್ರಕರಣಗಳು ದಾಖಲಾಗಿದ್ದವು. ಜನರೆಲ್ಲ ತಿಂಗಳುಗಟ್ಟಲೆ ಮನೆಯೊಳಗಿದ್ದ 2020ರಲ್ಲಿ ಅದು 66,01,285ಕ್ಕೆ ಏರಿತು. ಬೀದಿಗಳು ಖಾಲಿಯಿದ್ದ ವರ್ಷದಲ್ಲಿ ಈ ಏರಿಕೆ ಎಲ್ಲಿಂದ ಬಂತು? ಸರ್ಕಾರಿ ಆದೇಶ ಉಲ್ಲಂಘನೆಯ ಪ್ರಕರಣಗಳು, ಅಂದರೆ ಆಗಿನ ಭಾರತೀಯ ದಂಡ ಸಂಹಿತೆಯ 188ನೇ ಕಲಮಿನಡಿ ಹಾಕಿದವು, ಆ ಒಂದು ವರ್ಷದಲ್ಲಿ 29,469ರಿಂದ 6,12,179ಕ್ಕೆ ಜಿಗಿದಿದ್ದವು. ಲಾಕ್‌ಡೌನ್ ಮುರಿದು ಹೊರಬಂದವರೂ ಕೊಲೆ, ದರೋಡೆಗಳೂ ಒಂದೇ ಮೊತ್ತದೊಳಗೆ ಸೇರಿಹೋಗಿದ್ದವು. ಅದೇ ವರ್ಷ ಕಳವಿನಂಥ ರೂಢಿಯ ಅಪರಾಧಗಳು ಇಳಿದಿದ್ದವು ಎಂಬುದು ಒಟ್ಟು ಮೊತ್ತವನ್ನಷ್ಟೇ ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಿಯಮವೂ ಉಂಟು. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಎನ್‌ಸಿಆರ್‌ಬಿ ಅವುಗಳಲ್ಲಿ ಅತ್ಯಂತ ಘೋರವಾದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಮನೆಗೆ ನುಗ್ಗಿ ಕದ್ದವನು ಮನೆಯವರನ್ನು ಕೊಂದಿದ್ದರೆ ಅದು ಕೊಲೆಯಾಗಿ ಎಣಿಕೆಯಾಗುತ್ತದೆ, ಮನೆಗಳ್ಳತನದ ಸಾಲಿನಲ್ಲಿ ಕಾಣಿಸುವುದಿಲ್ಲ.

ಭಾಗಿಸಿದ್ದು ಯಾವ ಸಂಖ್ಯೆಯಿಂದ

ನಗರಗಳನ್ನು ಹೋಲಿಸುವ ಸುದ್ದಿಯಲ್ಲಿ ಸಾಮಾನ್ಯವಾಗಿ ‘ಪ್ರತಿ ಲಕ್ಷ ಜನಸಂಖ್ಯೆಗೆ’ ಎಂಬ ದರ ಇರುತ್ತದೆ. ದರವೇನೋ ಒಟ್ಟು ಸಂಖ್ಯೆಗಿಂತ ನ್ಯಾಯವಾದ ಅಳತೆ. ಆದರೆ ಯಾವ ಜನಸಂಖ್ಯೆ ಎಂಬುದನ್ನು ನೋಡಬೇಕು. ರಾಜ್ಯಗಳಿಗೆ ಆಯಾ ವರ್ಷದ ಅಂದಾಜು ಜನಸಂಖ್ಯೆಯನ್ನು ಬಳಸುವ ಈ ವರದಿ ಮಹಾನಗರಗಳಿಗೆ ಮಾತ್ರ 2011ರ ಜನಗಣತಿಯ ಸಂಖ್ಯೆಯನ್ನೇ ಇಟ್ಟುಕೊಂಡಿದೆ. ಅದರ ಪ್ರಕಾರ ಬೆಂಗಳೂರಿನ ಜನಸಂಖ್ಯೆ ಸುಮಾರು 85 ಲಕ್ಷ. ಈಗ ಊರು ಕೋಟಿ ದಾಟಿ ಎಷ್ಟೋ ಕಾಲವಾಗಿದೆ. ಲೆಕ್ಕಕ್ಕೆಂದು 17,000 ಪ್ರಕರಣಗಳಿವೆ ಎಂದುಕೊಳ್ಳಿ: 85 ಲಕ್ಷದಿಂದ ಭಾಗಿಸಿದರೆ ದರ 200, ಒಂದು ಕೋಟಿ 30 ಲಕ್ಷದಿಂದ ಭಾಗಿಸಿದರೆ ಸುಮಾರು 131. ಪ್ರಕರಣ ಒಂದೂ ಕಡಿಮೆಯಾಗಿಲ್ಲ, ದರ ಮೂರನೆಯ ಒಂದು ಪಾಲಿನಷ್ಟು ಇಳಿಯಿತು. ಹತ್ತು ವರ್ಷಗಳಲ್ಲಿ ಬೇಗ ಬೆಳೆದ ಊರು ಹಾಗೂ ಅಷ್ಟಾಗಿ ಬೆಳೆಯದ ಊರನ್ನು ಹೀಗೆ ಅಕ್ಕಪಕ್ಕ ಇಟ್ಟಾಗ ಬೆಳೆದ ಊರಿಗೆ ಪ್ರತಿವರ್ಷವೂ ಕೆಟ್ಟ ಹೆಸರು ಬರುತ್ತದೆ.

ಸಣ್ಣ ಸಂಖ್ಯೆಗಳ ಶೇಕಡಾವಾರನ್ನು ನಂಬಬೇಡಿ. ತಾಲ್ಲೂಕೊಂದರಲ್ಲಿ ಎರಡಿದ್ದ ಕೊಲೆಗಳು ನಾಲ್ಕಾದರೆ ಅದು ಶೇ 100ರ ಏರಿಕೆ.

ದಾಖಲಿಸುವುದರಿಂದ ಯಾರಿಗೆ ಏನು

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಉಪಯುಕ್ತವಾದ ಪ್ರಶ್ನೆ. ಕೊಲೆಯನ್ನು ಮುಚ್ಚಿಡುವುದು ಕಷ್ಟ, ಶವವಿರುತ್ತದೆ. ಆದ್ದರಿಂದ 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣಗಳು ದಾಖಲಾದವು ಎಂಬ ಸಂಖ್ಯೆ ವಾಸ್ತವಕ್ಕೆ ಹತ್ತಿರವಿದೆಯೆಂದು ತಿಳಿಯಬಹುದು. ಬೈಕು, ಕಾರು ಕಳೆದುಕೊಂಡವರಿಗೆ ವಿಮೆಯ ಹಣ ಬೇಕಾದರೆ ಎಫ್‌ಐಆರ್ ಬೇಕೇ ಬೇಕು, ಹಾಗಾಗಿ ವಾಹನ ಕಳವಿನ ಸಂಖ್ಯೆಯೂ ತಕ್ಕಮಟ್ಟಿಗೆ ನಂಬಲರ್ಹ. ಮೊಬೈಲ್ ಕಳವು, ಬಸ್ಸಿನಲ್ಲಿ ಜೇಬುಗಳ್ಳತನ, ಮನೆಯೊಳಗಿನ ಹೊಡೆತ, ಲೈಂಗಿಕ ಕಿರುಕುಳ, ಇವುಗಳ ಬಹುಪಾಲು ಠಾಣೆಯ ತನಕ ಬರುವುದೇ ಇಲ್ಲ. ಎರಡು ರಾಜ್ಯಗಳನ್ನು ಹೋಲಿಸಲೇಬೇಕೆಂದಿದ್ದರೆ ಕೊಲೆಯ ದರವನ್ನು ಹೋಲಿಸಿ, ಕಿರುಕುಳದ ದರವನ್ನಲ್ಲ.

ಕಾನೂನೇ ದಾಖಲಿಸಲು ಒತ್ತಾಯಿಸಿದಾಗ ಸಂಖ್ಯೆ ಹೇಗೆ ಏರುತ್ತದೆ ಎಂಬುದಕ್ಕೆ ಅಪಹರಣದ ಸಾಲನ್ನು ನೋಡಬೇಕು. ಕಾಣೆಯಾದ ಮಗುವಿನ ದೂರು ಬಂದರೆ ಅದನ್ನು ಅಪಹರಣ ಅಥವಾ ಸಾಗಣೆ ಎಂದೇ ಭಾವಿಸಿ ಎಫ್‌ಐಆರ್ ಹಾಕಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿತು. ಒಳ್ಳೆಯ ಆದೇಶ. ಆದರೆ ಆ ಬಳಿಕದ ಅಪಹರಣದ ಸಂಖ್ಯೆಯಲ್ಲಿ ಪರೀಕ್ಷೆಗೆ ಹೆದರಿ ಮನೆ ಬಿಟ್ಟ ಹುಡುಗನೂ, ಪ್ರೀತಿಸಿದವನೊಂದಿಗೆ ಹೋದ ಹದಿನೇಳರ ಹುಡುಗಿಯೂ ಸೇರಿರುತ್ತಾರೆ ಎಂಬುದು ಓದುವವರಿಗೆ ನೆನಪಿರಬೇಕು.

ಬೆಂಗಳೂರಿನ ಸೈಬರ್ ಅಪರಾಧದ ಸಂಖ್ಯೆಯನ್ನೂ ಹೀಗೆಯೇ ಓದಬೇಕು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಇದೇ ನಗರದಲ್ಲಿ ಶುರುವಾಯಿತು, ಅನಂತರ ಸೈಬರ್, ಆರ್ಥಿಕ ಹಾಗೂ ಮಾದಕವಸ್ತು ಅಪರಾಧಗಳಿಗೆಂದೇ ಇರುವ ಸಿಇಎನ್ ಠಾಣೆಗಳು ಬಂದವು. ದೂರು ಬರೆದುಕೊಳ್ಳಲು ಬಾಗಿಲಿರುವ ಕಡೆ ದೂರು ಹೆಚ್ಚು ದಾಖಲಾಗುತ್ತದೆ. ವಂಚನೆಗೊಳಗಾಗುವಷ್ಟು ಹಣವೂ ಆನ್‌ಲೈನ್ ವ್ಯವಹಾರವೂ ಇಲ್ಲಿ ಹೆಚ್ಚಿದೆ ಎಂಬುದೂ ನಿಜವೇ. ಯಾವುದರ ಪಾಲು ಎಷ್ಟೆಂದು ಆ ಒಂದು ಸಂಖ್ಯೆ ಹೇಳಲಾರದು. ಇದಕ್ಕೊಂದು ಒರೆಗಲ್ಲು ಇದೆ. 2023ರಲ್ಲಿ ದೇಶದಾದ್ಯಂತ ದಾಖಲಾದ ಸೈಬರ್ ಅಪರಾಧ ಪ್ರಕರಣಗಳು 86,420. ಅದೇ ವರ್ಷ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ, 1930 ಸಹಾಯವಾಣಿಯ ಮೂಲಕ ಬಂದವೂ ಸೇರಿ, ಹರಿದುಬಂದ ದೂರುಗಳು 15 ಲಕ್ಷಕ್ಕೂ ಹೆಚ್ಚು. ದೂರೆಲ್ಲ ಪ್ರಕರಣವಾಗುವಂಥದ್ದಲ್ಲ, ಒಪ್ಪೋಣ. ಆದರೂ ನೂರು ದೂರುಗಳಿಗೆ ಆರು ಎಫ್‌ಐಆರ್‌ಗಳೂ ಇಲ್ಲದ ಕಡೆ, ಎಫ್‌ಐಆರ್‌ಗಳನ್ನಷ್ಟೇ ಎಣಿಸಿ ನಗರಗಳಿಗೆ ಸ್ಥಾನ ಹಂಚುವುದು ಎಷ್ಟು ಸರಿ?

ಕಾನೂನು ಬದಲಾದ ವರ್ಷ

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆದ್ದರಿಂದ 2024ರ ಅಂಕಿಗಳಲ್ಲಿ ಅರ್ಧ ವರ್ಷ ಹಳೆಯ ಕಲಮುಗಳು, ಅರ್ಧ ವರ್ಷ ಹೊಸವು. ಸರಗಳ್ಳತನದಂಥ ಕಿತ್ತೋಡುವ ಕೃತ್ಯಕ್ಕೆ ಹೊಸ ಸಂಹಿತೆಯ 304ನೇ ಕಲಮಿನಲ್ಲಿ ಪ್ರತ್ಯೇಕ ಅಪರಾಧವೆಂಬ ಸ್ಥಾನ ಸಿಕ್ಕಿದೆ. ಈ ಹಿಂದೆ ಅವು ಕಳವು ಅಥವಾ ಸುಲಿಗೆಯ ಲೆಕ್ಕಕ್ಕೆ ಹೋಗುತ್ತಿದ್ದವು. ಮುಂದೆ ಕಳವು ಇಳಿದಿದೆ ಎಂಬ ಸುದ್ದಿ ಬಂದರೆ ಅದರಲ್ಲಿ ಒಂದಿಷ್ಟು ಭಾಗ ಹೆಸರು ಬದಲಾದದ್ದರ ಫಲವಿರಬಹುದು. ಜತೆಗೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯಿರುವ ಅಪರಾಧಗಳಲ್ಲಿ ಮೇಲಧಿಕಾರಿಯ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶ ಕೊಟ್ಟಿದೆ. ಎಫ್‌ಐಆರ್‌ಗೆ ಮೊದಲು ಇನ್ನೊಂದು ತಿರುವು ಸೇರಿಕೊಂಡಂತಾಯಿತು.

ಆರೋಪಪಟ್ಟಿಯ ಪ್ರಮಾಣ, ಶಿಕ್ಷೆಯ ಪ್ರಮಾಣ ಎಂಬ ಎರಡು ಶೇಕಡಾವಾರುಗಳನ್ನು ಬೆರೆಸಬಾರದು. ಶಿಕ್ಷೆಯ ಪ್ರಮಾಣವನ್ನು ವಿಚಾರಣೆ ಮುಗಿದ ಪ್ರಕರಣಗಳ ಮೇಲೆ ಲೆಕ್ಕ ಹಾಕುತ್ತಾರೆ, ದಾಖಲಾದವುಗಳ ಮೇಲಲ್ಲ. ಸಾವಿರ ಪ್ರಕರಣ ದಾಖಲಾಗಿ, ಅರವತ್ತರ ವಿಚಾರಣೆ ಮಾತ್ರ ಮುಗಿದು, ಮೂವತ್ತಮೂರರಲ್ಲಿ ಶಿಕ್ಷೆಯಾಗಿದ್ದರೆ ಪ್ರಮಾಣ ಶೇ 55. ಉಳಿದ 940 ಪ್ರಕರಣಗಳು ಆ ಲೆಕ್ಕದೊಳಗೇ ಇಲ್ಲ. ಆರೋಪಪಟ್ಟಿಯ ಪ್ರಮಾಣವೂ, ಅಂದರೆ ಪೊಲೀಸರು ತನಿಖೆ ಮುಗಿಸಿದ ಪ್ರಕರಣಗಳಲ್ಲಿ ಎಷ್ಟರಲ್ಲಿ ಆರೋಪಪಟ್ಟಿ ಸಲ್ಲಿಸಿದರು ಎಂಬುದೂ, ದಾಖಲಾತಿಯ ರೀತಿಯನ್ನು ಅವಲಂಬಿಸುತ್ತದೆ: ದೂರು ತಂದವರಿಗೆಲ್ಲ ಎಫ್‌ಐಆರ್ ಕೊಡುವ ಠಾಣೆಯಲ್ಲಿ ‘ಪತ್ತೆಯಾಗದ ಪ್ರಕರಣ’ವೆಂದು ಸಿ ರಿಪೋರ್ಟ್ ಸಲ್ಲಿಸಬೇಕಾದವು ಹೆಚ್ಚಿ ಪ್ರಮಾಣ ಕುಸಿಯುತ್ತದೆ, ಕಳ್ಳ ಸಿಕ್ಕ ಮೇಲಷ್ಟೇ ಎಫ್‌ಐಆರ್ ಬರೆಯುವ ಠಾಣೆಯದು ಹೊಳೆಯುತ್ತದೆ.

ಠಾಣೆಯ ಹೊರಗಿನ ಲೆಕ್ಕ

ಇಷ್ಟೆಲ್ಲ ತೊಡಕಿರುವುದರಿಂದ ಕೆಲವು ದೇಶಗಳು ಜನರ ಮನೆಗೇ ಹೋಗಿ, ಹಿಂದಿನ ತಿಂಗಳುಗಳಲ್ಲಿ ನಿಮಗೆ ಏನಾದರೂ ಆಯಿತೇ ಎಂದು ಕೇಳುವ ಸಮೀಕ್ಷೆ ನಡೆಸುತ್ತವೆ. ಅಮೆರಿಕದಲ್ಲಿ ಇದು 1973ರಿಂದ ನಡೆಯುತ್ತಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಂತೂ ಪೊಲೀಸರ ದಾಖಲಾತಿಯ ಮೇಲೆ ಅನುಮಾನ ಬಂದು 2014ರ ಜನವರಿಯಲ್ಲಿ ಆ ಅಂಕಿಗಳಿಗಿದ್ದ ‘ರಾಷ್ಟ್ರೀಯ ಅಂಕಿ-ಅಂಶ’ ಎಂಬ ಮಾನ್ಯತೆಯನ್ನೇ ಹಿಂತೆಗೆದುಕೊಂಡರು. ಪೊಲೀಸರಿಗೆ ತಿಳಿಸಿದ ಅಪರಾಧಗಳಲ್ಲಿ ಶೇ 19ರಷ್ಟು ದಾಖಲಾಗಿರಲಿಲ್ಲವೆಂದು ಅದೇ ವರ್ಷದ ತಪಾಸಣೆ ಅಂದಾಜಿಸಿತು. ನಮ್ಮಲ್ಲಿ ಎಲ್ಲ ಅಪರಾಧಗಳಿಗೂ ಅಂಥ ನಿಯಮಿತ ಸಮೀಕ್ಷೆಯಿಲ್ಲ, ಆದರೆ ಮನೆಯೊಳಗಿನ ಹಿಂಸೆಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿದೆ. ಅದರ ಐದನೆಯ ಸುತ್ತಿನಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂಸೆಗೊಳಗಾದ ಹೆಂಗಸರಲ್ಲಿ ಯಾರಿಂದಲಾದರೂ ನೆರವು ಕೇಳಿದವರು ದೇಶದಲ್ಲಿ ಶೇ 14ರಷ್ಟು ಮಾತ್ರ. ಮಹಿಳೆಯರ ಮೇಲಿನ ದೌರ್ಜನ್ಯದ ಪೊಲೀಸ್ ಅಂಕಿ ಕಂಡಾಗಲೆಲ್ಲ ಈ ಎರಡು ಸಂಖ್ಯೆಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಸಂಶೋಧನೆಯ ಸುದ್ದಿ

ಯಾವುದೋ ಪೊಲೀಸ್ ಕ್ರಮದಿಂದ ಅಪರಾಧ ಇಳಿಯಿತು ಎಂದು ಯಾರಾದರೂ ಹೇಳಿದರೆ, ಆ ಕ್ರಮ ಕೈಗೊಳ್ಳದ ಕಡೆ ಏನಾಯಿತು ಎಂದು ಕೇಳಬೇಕು. 1972-73ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ಪೊಲೀಸರು ಗಸ್ತಿನ ವಲಯಗಳಾದ 15 ಬೀಟ್‌ಗಳನ್ನು ಮೂರು ಗುಂಪು ಮಾಡಿ, ಒಂದರಲ್ಲಿ ವಾಹನ ಗಸ್ತನ್ನು ನಿಲ್ಲಿಸಿ ಕರೆ ಬಂದಾಗ ಮಾತ್ರ ಹೋದರು, ಇನ್ನೊಂದರಲ್ಲಿ ಎರಡು-ಮೂರು ಪಟ್ಟು ಹೆಚ್ಚಿಸಿದರು, ಮೂರನೆಯದನ್ನು ಇದ್ದಂತೆಯೇ ಬಿಟ್ಟರು. ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮುಂದೆ ಮಿನಿಯಾಪೊಲಿಸ್‌ನಲ್ಲಿ ಕರೆಗಳು ಹೆಚ್ಚು ಬರುವ 110 ಸಣ್ಣ ಜಾಗಗಳನ್ನು ಗುರುತಿಸಿ ಅರ್ಧದಷ್ಟರಲ್ಲಿ ಮಾತ್ರ ಪೊಲೀಸರ ಹಾಜರಿ ಹೆಚ್ಚಿಸಿದಾಗ ಸಾಧಾರಣ ಇಳಿಕೆ ಕಂಡಿತು. ಗಸ್ತು ಎಷ್ಟು ಎನ್ನುವುದಕ್ಕಿಂತ ಎಲ್ಲಿ ಎನ್ನುವುದು ಮುಖ್ಯವೆಂಬ ಮಾತು ಬಂದದ್ದು ಹೀಗೆ.

ಒಂದು ಕಡೆ ಫಲಿಸಿದ್ದು ಎಲ್ಲೆಡೆ ಫಲಿಸುತ್ತದೆ ಎಂದೂ ಇಲ್ಲ. ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡಗಳಲ್ಲಿ ಒಟ್ಟಿಗೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಮ್ಮಲ್ಲಿ ಜನಸ್ನೇಹಿ ಪೊಲೀಸ್ ಎಂದು ಕರೆಯುವ ಸಮುದಾಯ ಪೊಲೀಸ್ ಪದ್ಧತಿಯಿಂದ ಅಪರಾಧ ಇಳಿದದ್ದಾಗಲಿ ಜನರ ನಂಬಿಕೆ ಹೆಚ್ಚಿದ್ದಾಗಲಿ ಕಾಣಲಿಲ್ಲ.

ನಮಗೆ ಹತ್ತಿರವಾದ ಅಧ್ಯಯನ ಮಧ್ಯಪ್ರದೇಶದ್ದು. ಅಲ್ಲಿನ 180 ಠಾಣೆಗಳ ಪೈಕಿ ಕೆಲವನ್ನು ಚೀಟಿ ಎತ್ತಿದಂತೆ ಆಯ್ದು ಮಹಿಳಾ ಸಹಾಯ ಕೇಂದ್ರಗಳನ್ನು ತೆರೆದರು, ಅವುಗಳಲ್ಲೂ ಕೆಲವಕ್ಕೆ ಮಹಿಳಾ ಅಧಿಕಾರಿಗಳನ್ನೇ ನೇಮಿಸಿದರು. 2022ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಕೇಂದ್ರಗಳಿದ್ದ ಕಡೆ ಮಹಿಳೆಯರ ಪ್ರಕರಣಗಳು ಹೆಚ್ಚು ದಾಖಲಾದವು, ಎಫ್‌ಐಆರ್‌ಗಳ ಏರಿಕೆ ಮಹಿಳಾ ಅಧಿಕಾರಿಗಳು ನಡೆಸುತ್ತಿದ್ದ ಕೇಂದ್ರಗಳಲ್ಲಿ ಎದ್ದುಕಂಡಿತು. ಅಲ್ಲಿ ಸಂಶೋಧಕರು ಯಶಸ್ಸೆಂದು ಎಣಿಸಿದ್ದು ಇದೇ ಏರಿಕೆಯನ್ನು. ಅದೇ ಸಂಖ್ಯೆ ವಾರ್ಷಿಕ ವರದಿಯಲ್ಲಿ ಬಂದಿದ್ದರೆ ‘ಮಹಿಳೆಯರ ಮೇಲಿನ ದೌರ್ಜನ್ಯ ಹೆಚ್ಚಳ’ ಎಂಬ ಶೀರ್ಷಿಕೆಯಾಗುತ್ತಿತ್ತು.

ನಿಮ್ಮೂರಿನ ಠಾಣೆಯ ಲೆಕ್ಕವನ್ನು ನೀವೇ ನೋಡುವುದು ಕಷ್ಟವಲ್ಲ. ಎಫ್‌ಐಆರ್‌ಗಳನ್ನು 24 ಗಂಟೆಗಳೊಳಗೆ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿಯಿದೆ. ರಾಜ್ಯ ಪೊಲೀಸರ ಜಾಲತಾಣದಿಂದ ಕೆಲವನ್ನು ಇಳಿಸಿಕೊಂಡು ಓದಿದರೆ, ಕೃತ್ಯ ನಡೆದ ದಿನಾಂಕವೂ ಮಾಹಿತಿ ಠಾಣೆಗೆ ಬಂದ ದಿನಾಂಕವೂ ಅದರಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಇನ್ನೂ ಕೆಳಗೆ, ದೂರು ನೀಡಲು ತಡವಾದದ್ದಕ್ಕೆ ಕಾರಣವೇನು ಎಂಬ ಅಂಕಣವಿರುತ್ತದೆ. ನಾನಂತೂ ಎಫ್‌ಐಆರ್ ಕೈಗೆ ಸಿಕ್ಕರೆ ಮೊದಲು ಓದುವುದು ಆ ಅಂಕಣವನ್ನೇ.