ಒಂದು ಸಾಲಿಗೆ ಅರವತ್ನಾಲ್ಕು ಚಿತ್ರ

ಕತೆಯನ್ನೇ ನೆಚ್ಚಿಕೊಂಡ ಚಿಕ್ಕ ಗೇಮ್‌ನಲ್ಲಿ ಬರವಣಿಗೆ ಅಗ್ಗ. ದುಡ್ಡು ತಿನ್ನುವುದು ಆ ಬರವಣಿಗೆ ಹಿಂದೆ ಎಳೆದು ತರುವ ಕೆಲಸ. "ಅವನು ಒದ್ದೆ ಬಟ್ಟೆ ಬದಲಿಸಿಕೊಂಡು ಬಂದ" ಎಂದು ಬರೆಯಲು ಅರ್ಧ ನಿಮಿಷ ಸಾಕು. ಆದರೆ ಪಾತ್ರ ಎಂಟು ದಿಕ್ಕಿಗೆ ನಡೆಯುವಂತಿದ್ದು, ದಿಕ್ಕಿಗೆ ಎಂಟು ಫ್ರೇಮ್ (ಚಲನೆಯ ಒಂದೊಂದು ಚಿತ್ರ) ಇದ್ದರೆ, ಆ ಹೊಸ ಬಟ್ಟೆಯ ನಡಿಗೆಗೇ 64 ಚಿತ್ರ ಬೇಕು. ಕೂರುವುದು, ಬಾಗಿಲು ತೆಗೆಯುವುದು ಲೆಕ್ಕಕ್ಕೆ ಸೇರಿಲ್ಲ. ಹಾಗಾಗಿ ಕಲಾವಿದರಿಗೆ ಕೊಡುವ ಮೊದಲು ಸ್ಕ್ರಿಪ್ಟನ್ನು ಸ್ಪ್ರೆಡ್‌ಶೀಟಿಗೆ ಹಾಕಿ, ಪ್ರತಿ ದೃಶ್ಯದ ಮುಂದೆ ಮೂರು ಅಂಕಣ ಇಡುತ್ತೇನೆ: ಹೊಸ ಚಿತ್ರ, ಹೊಸ ಜಾಗ, ಹೊಸ ಶಬ್ದ. ಮೂರರಲ್ಲೂ ಸೊನ್ನೆ ಇರುವ ದೃಶ್ಯ ಎಷ್ಟು ಬೇಕಾದರೂ ಇರಲಿ. ಮೂರೂ ತುಂಬಿದ ದೃಶ್ಯ ಕತೆಯ ಗತಿಯನ್ನೇ ಬದಲಿಸುವಂತಿದ್ದರೆ ಮಾತ್ರ ಉಳಿಯುತ್ತದೆ.

ಪಕ್ಕದಿಂದ ಕಾಣುವ ಗೇಮ್ ಆದರೆ ಒಂದೇ ದಿಕ್ಕಿಗೆ ಎಂಟು ಚಿತ್ರ ಬರೆದು, ಇನ್ನೊಂದಕ್ಕೆ ಅದನ್ನೇ ಮಗುಚಿದರೆ ಆಯಿತು ಅನ್ನುತ್ತಾರೆ. ಸೀರೆ ಉಟ್ಟ ಪಾತ್ರಕ್ಕೆ ಹಾಗೆ ಮಾಡಿದರೆ ಎಡ ಹೆಗಲ ಸೆರಗು ಬಲ ಹೆಗಲಿಗೆ ಹೋಗುತ್ತದೆ, ನಮ್ಮ ಕಡೆಯವರಿಗೆ ಅದು ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಆ ಪಾತ್ರಗಳಿಗೆ ಎರಡೂ ದಿಕ್ಕು ಬರೆಸಿ, 16 ಚಿತ್ರದ ಲೆಕ್ಕ ಹಿಡಿಯಿರಿ.

ದೊಡ್ಡ ಸ್ಟುಡಿಯೋಗಳ ಲೆಕ್ಕ 2023ರಲ್ಲಿ ಹೊರಬಿತ್ತು. ಸೋನಿ ಅಮೆರಿಕದ ನ್ಯಾಯಾಲಯಕ್ಕೆ ಕೊಟ್ಟ ಕಾಗದದಲ್ಲಿ ಮಸಿ ಬಳಿದು ಮರೆಮಾಡಿದ್ದ ಗೇಮ್ ತಯಾರಿಕೆಯ ಅಂಕಿಗಳು ಓದಲು ಸಿಕ್ಕವು: 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2'ಕ್ಕೆ 22 ಕೋಟಿ ಡಾಲರ್, 'ಹೊರೈಜನ್ ಫರ್ಬಿಡನ್ ವೆಸ್ಟ್'ಗೆ 21.2 ಕೋಟಿ. ಇಷ್ಟು ಸುರಿದವರು ಗೆದ್ದ ಕತೆಯ ಎರಡನೇ ಭಾಗ, ಮೂರನೇ ಭಾಗ ಎಂದು ಹೋಗುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ 2013ರ 'ಪೇಪರ್ಸ್, ಪ್ಲೀಸ್' ಎಂಬ ಗೇಮ್ ಗಡಿಠಾಣೆಯ ಒಂದು ಮೇಜು, ಪಾಸ್‌ಪೋರ್ಟು, ಮೊಹರು ಇಷ್ಟರಲ್ಲೇ ಮುಗಿಯುತ್ತದೆ. ಅದನ್ನು ಮಾಡಿದ್ದು ಒಬ್ಬರೇ, ಲೂಕಸ್ ಪೋಪ್. ಮುಂದೆ ಬಂದವರನ್ನು ಒಳಗೆ ಬಿಡುವುದೋ ಬೇಡವೋ ಎಂಬ ಸಂಕಟಕ್ಕೆ ಹೊಸ ಊರು, ಹೊಸ ನಡಿಗೆ ಯಾವುದೂ ಬೇಕಿರಲಿಲ್ಲ.

ಖರ್ಚು ಕೈಮೀರುವ ಇನ್ನೊಂದು ಜಾಗ ಕತೆಯ ಕವಲು. ಪ್ರತಿ ಹೆಜ್ಜೆಯಲ್ಲೂ ಎರಡು ಆಯ್ಕೆ ಕೊಟ್ಟು ಎಲ್ಲೂ ಕೂಡಿಸದೆ ಹೋದರೆ ಹತ್ತನೇ ಹೆಜ್ಜೆಗೆ 1,024 ಕೊನೆಗಳು. ಕವಲು ಒಡೆದು ಎರಡು ಮೂರು ದೃಶ್ಯದೊಳಗೆ ಮತ್ತೆ ಒಂದೇ ದಾರಿಗೆ ಸೇರಬೇಕು. ಆಟಗಾರ ಏನು ಮಾಡಿದ ಎಂಬುದು ವೇರಿಯಬಲ್‌ನಲ್ಲಿ, ಅಂದರೆ ಗೇಮ್ ನೆನಪಿಟ್ಟುಕೊಳ್ಳುವ ಒಂದು ಅಂಕಿಯಲ್ಲಿ, ಉಳಿದು, ಮುಂದೆ ಎಲ್ಲೋ ಒಂದು ಮಾತಿನಲ್ಲಿ ಇಣುಕಬೇಕು. ಮೂರನೇ ಅಧ್ಯಾಯದಲ್ಲಿ ಸಾಲ ಕೊಡದವನಿಗೆ ಏಳನೇ ಅಧ್ಯಾಯದಲ್ಲಿ "ನಿಮ್ಮನ್ನ ಕೇಳಿ ಪ್ರಯೋಜನ ಇಲ್ಲ ಬಿಡಿ" ಎಂಬ ಒಂದು ಸಾಲು ಸಾಕು. ಇದಕ್ಕೆ ಇಂಕ್ ಎಂಬ ಸ್ಕ್ರಿಪ್ಟ್ ಭಾಷೆ ಚೆನ್ನಾಗಿ ಒಗ್ಗುತ್ತದೆ. ಇಂಕಲ್ ಸ್ಟುಡಿಯೋ ಅದನ್ನು 2016ರಲ್ಲಿ ಮುಕ್ತವಾಗಿ ಬಿಟ್ಟುಕೊಟ್ಟಿತು. ಅದರ ಎಡಿಟರ್ ಇಂಕಿಯಿಂದ ನೇರ ವೆಬ್ ಪುಟವಾಗಿ ಹೊರತೆಗೆದು, ಒಂದೂ ಚಿತ್ರವಿಲ್ಲದೆ ನಾಲ್ಕು ಜನರ ಫೋನಿಗೆ ಕಳಿಸಿ. ಅವರು ಎಲ್ಲಿ ಓದದೆ ಒತ್ತುತ್ತಾ ಹೋಗುತ್ತಾರೋ ಅಲ್ಲೇ ಕತ್ತರಿ. ಈ ಹಂತದಲ್ಲಿ ಒಂದು ಅಧ್ಯಾಯ ಕಿತ್ತರೆ ಹೋಗುವುದು ಬರೆದವರ ಮನಸ್ಸಿನ ನೆಮ್ಮದಿ ಮಾತ್ರ. ಬಣ್ಣ ತುಂಬಿದ ಮೇಲೆ ಕಿತ್ತರೆ ಕಲಾವಿದರ ಸಂಬಳವೂ ಹೋಗುತ್ತದೆ.

ಕನ್ನಡದಲ್ಲೇ ಮಾಡುವವರಿಗೆ ಭಾಷೆಯ ಕೆಲಸ ಬೇರೆ ಇದೆ, ಇದನ್ನು ಮೊದಲ ವಾರವೇ ನೋಡಿಕೊಳ್ಳಿ. ಗೇಮ್ ಕಟ್ಟುವ ತಂತ್ರಾಂಶ ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊ ಒತ್ತಕ್ಷರಗಳನ್ನು ತಾನಾಗಿ ಕೂಡಿಸುವುದಿಲ್ಲ. ಅಂಥದೇ ಇನ್ನೊಂದು ತಂತ್ರಾಂಶ ಗೋಡೋ 4 ಕೂಡಿಸುತ್ತದೆ. ಆದರೆ ಅಲ್ಲೂ ಅಕ್ಷರಗಳು ಒಂದೊಂದಾಗಿ ಮೂಡುವ ಪರಿಣಾಮ ಹಾಕಿದರೆ 'ಸ್ತ್ರೀ' ಎಂಬುದು ಮೊದಲು 'ಸ', ಆಮೇಲೆ 'ಸ್', ಆಮೇಲೆ 'ಸ್ತ' ಎಂದು ಕುಣಿಯುತ್ತದೆ. ಕಾರಣ, ಅಕ್ಷರ ಜೋಡಿಸುವ ಮೊದಲೇ ಎಣಿಸುವುದು ಅದರ ಡಿಫಾಲ್ಟ್. ಅಕ್ಷರ ತೋರಿಸುವ ಲೇಬಲ್‌ನ ಸೆಟ್ಟಿಂಗ್‌ನಲ್ಲಿ 'ಶೇಪಿಂಗ್ (ಅಕ್ಷರ ಜೋಡಣೆ) ಆದ ಮೇಲೆ' ಎಂಬ ಆಯ್ಕೆ ಇದೆ, ಅದನ್ನು ಹಾಕಿ. 320×180ರ ಪಿಕ್ಸೆಲ್ ಚಿತ್ರದೊಳಗೆ ಕನ್ನಡ ಅಕ್ಷರ ತುರುಕಬೇಡಿ, ಒತ್ತು ಮುದ್ದೆಯಾಗುತ್ತದೆ. ಆಟದ ಲೋಕವನ್ನು ಸಬ್‌ವ್ಯೂಪೋರ್ಟ್ ಎಂಬ ಒಳಪರದೆಯಲ್ಲಿಟ್ಟು, ಮಾತಿನ ಪೆಟ್ಟಿಗೆಯನ್ನು ಅದರ ಹೊರಗೆ ಪೂರ್ಣ ರೆಸಲ್ಯೂಶನ್‌ನಲ್ಲಿ ಬಿಡಿ. ಸಾಲುಗಳ ನಡುವೆ ಒತ್ತಿಗೆ ಜಾಗ ಕೊಡಿ.

ಹೆಸರಿನ ಜಾಗ ಖಾಲಿ ಬಿಟ್ಟು "ಗೆ" ಅಂಟಿಸುವ ಇಂಗ್ಲಿಷ್ ಅಭ್ಯಾಸ ಇಲ್ಲಿ ನಡೆಯದು: ನಂಜುಂಡನಿಗೆ, ಪುಟ್ಟಿಗೆ, ಗುರುವಿಗೆ, ಮರಕ್ಕೆ. ಪ್ರತಿ ಹೆಸರಿನ ವಿಭಕ್ತಿ ರೂಪಗಳನ್ನೂ ಕೋಷ್ಟಕದಲ್ಲಿ ಕೈಯಾರೆ ತುಂಬಿ, ಆಟಗಾರರೇ ಹೆಸರು ಟೈಪಿಸುವ ಸೌಲಭ್ಯ ಬಿಟ್ಟುಬಿಡಿ. ಆಟಗಾರರನ್ನು "ನೀನು" ಎಂದೇ ಕರೆದರೆ ಬಂದನು, ಬಂದಳು ಎಂದು ಎರಡೆರಡು ಬಾರಿ ಬರೆಯುವುದೂ ತಪ್ಪುತ್ತದೆ.

ಇದೇ ಭಾಷೆ ಪುಕ್ಕಟೆಯಾಗಿ ಕೊಡುವುದೂ ಉಂಟು. "ಬಾರಯ್ಯಾ" ಎನ್ನುತ್ತಿದ್ದ ಅಂಗಡಿಯ ಶೆಟ್ಟರು ಒಂದು ದಿನ "ಬನ್ನಿ, ಏನು ಬೇಕಿತ್ತು?" ಎಂದರೆ ಸಂಬಂಧ ಹಳಸಿದೆ ಎಂದು ತಿಳಿಯಲು ಪರದೆಯ ಮೂಲೆಯಲ್ಲಿ ಹೃದಯದ ಗುರುತು ಬೇಕಿಲ್ಲ. ಸಂಬಂಧಕ್ಕೆ ಒಂದು ಅಂಕಿ, ಎರಡು ಬಗೆಯ ಮಾತು, ಚಿತ್ರದ ಖರ್ಚು ಸೊನ್ನೆ. ಎಲ್ಲ ಪಾತ್ರಗಳಿಗೂ ಹೀಗೆ ಮಾಡಹೋದರೆ ಬರವಣಿಗೆ ಇಮ್ಮಡಿಯಾಗುತ್ತದೆ. ಮೂರು ನಾಲ್ಕು ಮುಖ್ಯ ಪಾತ್ರಗಳಿಗೆ ಸಾಕು.

ಧ್ವನಿ ಕೊನೆಗೆ. 15,000 ಪದದ ಸಂಭಾಷಣೆಯನ್ನು ನಿಮಿಷಕ್ಕೆ 100ರಂತೆ ಓದಿಸಿದರೆ ಎರಡೂವರೆ ಗಂಟೆಯ ಆಡಿಯೋ. ಸ್ಟುಡಿಯೋದಲ್ಲಿ ಕಳೆಯುವ ಹೊತ್ತು ಅದರ ಹಲವು ಪಟ್ಟು. ಆಮೇಲೆ ಒಂದು ಸಾಲು ತಿದ್ದಿದರೂ ಅದೇ ಕಲಾವಿದರನ್ನು ಮತ್ತೆ ಕರೆಸಬೇಕು. ನಾನು ಪೂರ್ತಿ ಧ್ವನಿಯ ಆಸೆಯನ್ನೇ ಇಟ್ಟುಕೊಳ್ಳುವುದಿಲ್ಲ. ಪಾತ್ರಕ್ಕೆ ಹದಿನೈದು ಇಪ್ಪತ್ತು ಉದ್ಗಾರ, ಅಂದರೆ "ಹೂಂ", "ಅಯ್ಯೋ", "ಛೆ", "ಹೌದಾ?" ಇಷ್ಟನ್ನು ಬೇರೆ ಬೇರೆ ದನಿಯಲ್ಲಿ ಒಂದೇ ಬೈಠಕ್ಕಿನಲ್ಲಿ ರೆಕಾರ್ಡ್ ಮಾಡಿಸಿ, ಸಾಲಿನ ಆರಂಭಕ್ಕೆ ಜೋಡಿಸುತ್ತೇನೆ. ಸಾಲು ಬದಲಾದರೂ ಉದ್ಗಾರ ಉಳಿಯುತ್ತದೆ.

ಮಾರಾಟದ ಲೆಕ್ಕವನ್ನು ಕೆಲಸ ಶುರುಮಾಡುವ ಮೊದಲೇ ಹಾಕಿ. ಬೆಲೆ 300 ರೂಪಾಯಿ ಇದ್ದು, ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ 30% ಹಿಡಿದುಕೊಂಡರೆ ಕೈಗೆ 210. ಆರು ಲಕ್ಷ ಖರ್ಚಾಗಿದ್ದರೆ ತೆರಿಗೆ, ವಾಪಸಾತಿ ಲೆಕ್ಕಕ್ಕೆ ಹಿಡಿಯದೆಯೇ ಸುಮಾರು 2,860 ಪ್ರತಿ ಮಾರಬೇಕು. ವಾಪಸಾತಿಯಂತೂ ಕತೆಯ ಗೇಮಿಗೆ ಬಲವಾಗಿ ತಟ್ಟುತ್ತದೆ: ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ಮರಳಿಸುತ್ತದೆ. ಒಂದೂವರೆ ಗಂಟೆಯ ಕತೆಯನ್ನು ಪೂರ್ತಿ ಆಡಿ, ಮೆಚ್ಚಿ, ಹಿಂತಿರುಗಿಸಲೂಬಹುದು. ಅದಕ್ಕಾಗಿ ಕತೆ ಹಿಗ್ಗಿಸಬೇಡಿ, ಬೆಲೆ ಇಳಿಸಿ. ಸ್ಟೀಮಿನಲ್ಲಿ ಪ್ರತಿ ಗೇಮಿಗೆ 100 ಡಾಲರ್ ಶುಲ್ಕವಿದೆ. ಅದನ್ನು ಕಟ್ಟಿದ ಮೇಲೆ 30 ದಿನ ಕಾಯಬೇಕು, 'ಶೀಘ್ರದಲ್ಲಿ' ಎಂಬ ಪುಟ ಕನಿಷ್ಠ ಎರಡು ವಾರ ಕಾಣಿಸಿಕೊಂಡಿರಬೇಕು. ಬಿಡುಗಡೆಯ ದಿನ ಹೇಳಿಬಿಡುವ ಮುಂಚೆ ಇವೆರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.